ಓಟಿನ ಗುಟ್ಟು, ಊರಿನ ನಂಟು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದರು. ಠೇವಣಿ, ಸಾಲ, ವಸೂಲಾತಿಯ ವಿಚಾರವನ್ನು ತಿಳಿದವರು ಬರೆಯುತ್ತಾರೆ. ನಾನು ಓಟಿನ ವಿಚಾರ ಬರೆಯುತ್ತೇನೆ ಎಂದೆ. ಅವರು ಸ್ವಲ್ಪ ಗಾಬರಿಯಾದರು. ಗಾಬರಿ ಬೇಡ, ಇದು ಯಾವ ಪಕ್ಷದ ಪರವೂ ಅಲ್ಲ, ವಿರುದ್ಧವೂ ಅಲ್ಲ. ಓಟು ಹಾಕಿ ಬಂದ ಮೇಲೆ ಊರಿನಲ್ಲಿ ಹುಟ್ಟುವ ಮುನಿಸು ಮತ್ತು ಆ ಮುನಿಸಿನಿಂದ ಬಡವರನ್ನು ಕಾಪಾಡಲು ಹಿಂದಿನವರು ಮಾಡಿದ ಏರ್ಪಾಡು, ಇಷ್ಟೇ ಇದರ ವಿಷಯ.

ಈಗ ಬಂದು ನೋಡಿದವರಿಗೆ ಕಗ್ಗದಾಸಪುರ ಒಂದು ಹಳ್ಳಿ ಎಂದರೆ ನಗು ಬರುತ್ತದೆ. ಕೆರೆಯ ಸುತ್ತ ಅಪಾರ್ಟ್‌ಮೆಂಟು, ರೈಲ್ವೆ ಹಳಿಯ ಎರಡೂ ಕಡೆ ಮನೆಗಳು. 1940ರಲ್ಲಿ ಎಚ್.ಎ.ಎಲ್. ಕಾರ್ಖಾನೆ ಬಂತು, ಆಮೇಲೆ ಸಿ.ವಿ. ರಾಮನ್ ನಗರದ ಸಂಶೋಧನಾ ಕೇಂದ್ರಗಳು ಬಂದವು, ನಾನಾ ಕಡೆಯ ಜನ ಬಂದು ನೆಲೆಸಿದರು. ಆದರೂ ಹಳೇ ಊರಿನ ಬೀದಿಗಳಲ್ಲಿ ನಾವು ಇಂದಿಗೂ ಒಬ್ಬರಿಗೊಬ್ಬರು ಮಾವ, ಭಾವ, ದೊಡ್ಡಪ್ಪ. ಓಟು ಹಾಕಿದ ಮಾರನೇ ಬೆಳಿಗ್ಗೆ ಹಾಲಿನ ಅಂಗಡಿ ಮುಂದೆ ಅದೇ ಮುಖ ನೋಡಬೇಕು. ಹಾಗಾಗಿ ಓಟಿನ ಮುನಿಸು ನಮ್ಮಂಥ ಊರಿನಲ್ಲಿ ಹೆಚ್ಚು.

ನನ್ನ ಅನುಭವವನ್ನೇ ಮೊದಲು ಹೇಳುತ್ತೇನೆ. ಬಹಳ ವರ್ಷದ ಹಿಂದೆ ಒಂದು ಚುನಾವಣೆ. ಯಾವುದು ಎಂದು ಬೇಡ. ನಾನು ಮಾವ ಎಂದು ಕರೆಯುವ ಹಿರಿಯರೊಬ್ಬರು ಬೆರಳೆಣಿಕೆ ಓಟಿನಲ್ಲಿ ಸೋತರು. ಎಣಿಕೆ ಮುಗಿದ ರಾತ್ರಿಯೇ ಯಾರು ಹಾಕಿದರು, ಯಾರು ಹಾಕಲಿಲ್ಲ ಎಂಬ ಲೆಕ್ಕ ಶುರುವಾಯಿತು. ಆ ಲೆಕ್ಕದಲ್ಲಿ ನನ್ನ ಹೆಸರೂ ಬಂತು. ಮರುದಿನ ಎದುರಿಗೆ ಸಿಕ್ಕಾಗ ಮಾವ ಮುಖ ತಿರುಗಿಸಿಕೊಂಡು ಹೋದರು. ಆಮೇಲೆ ನನ್ನ ಮಗಳ ಮದುವೆಗೆ ಲಗ್ನಪತ್ರಿಕೆ ಕೊಡಲು ಹೋದರೆ "ಅಲ್ಲಿ ಇಟ್ ಹೋಗಪ್ಪ" ಎಂದರು, ಕೈಗೆ ತಗೊಳ್ಳಲಿಲ್ಲ. ಮದುವೆಗೆ ಬರಲೂ ಇಲ್ಲ.

ನನಗೆ ತಡೆಯಲಾಗಲಿಲ್ಲ. ದೇವಸ್ಥಾನದ ಮುಂದೆ ಕರ್ಪೂರ ಹಚ್ಚಿ, ಓಟು ಯಾರಿಗೆ ಹಾಕಿದೆ ಅಂತ ಆಣೆ ಮಾಡಿ ಹೇಳಿಬಿಡುತ್ತೇನೆ ಎಂದು ಹೊರಟೆ. ಮನೆಯಲ್ಲಿದ್ದ ದೊಡ್ಡಮ್ಮ ತಡೆದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

"ಆಣೆ ಮಾಡ್ಬ್ಯಾಡ ಕಣಪ್ಪ. ಇವತ್ತು ನೀನು ಆಣೆ ಮಾಡಿದ್ರೆ ನಾಳೆ ಎಲ್ರನ್ನೂ ಕರೆದು ಆಣೆ ಮಾಡು ಅಂತಾರೆ. ಆಗ ಅವ್ರಿಗೆ ಹಾಕ್ದೇ ಇರೋ ಬಡವನ ಗತಿ ಏನು?"

ನಾನು ವಾಪಸ್ಸು ಕೂತೆ. ಆಮೇಲೆ ಈ ವಿಚಾರವಾಗಿ ಸಿಕ್ಕಿದ್ದೆಲ್ಲ ಓದಿದೆ. ಓದಿದಷ್ಟೂ ದೊಡ್ಡಮ್ಮ ಹೇಳಿದ್ದೇ ಸರಿ ಎನಿಸಿತು.

ಗುಟ್ಟಿನ ಓಟು ಹೇಗೆ ಬಂತು

ಗುಟ್ಟಾಗಿ ಅಭಿಪ್ರಾಯ ಕೇಳುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ಬೌದ್ಧ ಭಿಕ್ಷುಗಳ ಸಂಘದಲ್ಲಿ ಜಗಳ ಬಂದರೆ ಶಲಾಕೆ ಎಂಬ ಬಣ್ಣದ ಕಡ್ಡಿಗಳನ್ನು ಕೊಟ್ಟು ಮತ ಎಣಿಸುತ್ತಿದ್ದರು. ಗುಟ್ಟಾಗಿ, ಕಿವಿಯಲ್ಲಿ ಪಿಸುಗುಟ್ಟಿ, ಬಹಿರಂಗವಾಗಿ ಎಂಬ ಮೂರು ಬಗೆ ಅವರ ವಿನಯ ಗ್ರಂಥವಾದ ಚುಲ್ಲವಗ್ಗದಲ್ಲೇ ಇದೆ.

ಪ್ರಜಾಪ್ರಭುತ್ವದ ತವರು ಎಂದು ನಾವು ಓದಿದ ಇಂಗ್ಲೆಂಡಿನಲ್ಲಿ ಮಾತ್ರ 1872ರವರೆಗೂ ಓಟು ಬಹಿರಂಗ. ಮತದಾರ ಎಲ್ಲರೆದುರು ನಿಂತು ಹೆಸರು ಹೇಳಬೇಕು, ಗುಮಾಸ್ತ ಬರೆದುಕೊಳ್ಳಬೇಕು. ಯಾರು ಯಾರಿಗೆ ಹಾಕಿದರು ಎಂಬ ಪುಸ್ತಕ ಎಷ್ಟೋ ಕಡೆ ಅಚ್ಚಾಗಿ ಮಾರಾಟವೂ ಆಗುತ್ತಿತ್ತು. ಇದರ ಫಲ ಏನಾಯಿತು? 1868ರ ಚುನಾವಣೆಯಾದ ಮೇಲೆ ವೇಲ್ಸ್ ಸೀಮೆಯ ಕಾರ್ಡಿಗನ್‌ಶೈರ್, ಕಾರ್ಮಾರ್ಥನ್‌ಶೈರ್ ಕಡೆ, ತಮ್ಮ ಮಾತು ಮೀರಿ ಲಿಬರಲ್ ಪಕ್ಷಕ್ಕೆ ಓಟು ಹಾಕಿದ ಗೇಣಿದಾರರನ್ನು ಜಮೀನ್ದಾರರು ಒಕ್ಕಲೆಬ್ಬಿಸಿದರು. ತಲೆತಲಾಂತರದಿಂದ ಉಳುತ್ತಿದ್ದವರು ಒಂದು ಓಟಿಗಾಗಿ ಹೊಲ ಬಿಟ್ಟು ಹೋದರು. ಈ ಗಲಾಟೆ ಪಾರ್ಲಿಮೆಂಟಿನವರೆಗೂ ಹೋಯಿತು. 1872ರಲ್ಲಿ ಗುಪ್ತ ಮತದಾನದ ಕಾಯಿದೆ ಬರಲು ಇದೂ ಒಂದು ಕಾರಣ. ಅದಕ್ಕೂ ಮುಂಚೆ 1856ರಲ್ಲೇ ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ಪ್ರಾಂತ್ಯಗಳು ಗುಪ್ತ ಮತದಾನ ತಂದಿದ್ದವು.

ನಮ್ಮ ಕಡೆಗೆ ಬರೋಣ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮುಂದೆ ಅದಕ್ಕೆ ಚುನಾವಣೆ ಬಂದರೂ ಕಂದಾಯ ಕಟ್ಟುವವರು, ಓದಿದವರು ಮುಂತಾದ ಕೆಲವರಿಗೇ ಓಟು. ಕೂಲಿ ಮಾಡುವವನ ಓಟಿನ ಬಗ್ಗೆ ಯಾರಿಗೂ ಮುನಿಸು ಬರುವ ಹಾಗಿರಲಿಲ್ಲ, ಏಕೆಂದರೆ ಅವನಿಗೆ ಓಟೇ ಇರಲಿಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ಯಜಮಾನನಿಗೂ ಜೀತದಾಳಿಗೂ ಒಂದೊಂದು ಓಟು ಬಂತು. ಸುಮಾರು 17 ಕೋಟಿ ಮತದಾರರು, ಬಹುಪಾಲು ಓದು ಬಾರದವರು. ಅದಕ್ಕಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಡಬ್ಬ. ಮರೆಯಲ್ಲಿ ಹೋಗಿ ಬೇಕಾದ ಡಬ್ಬಕ್ಕೆ ಚೀಟಿ ಹಾಕಿ ಬರುವುದು.

ಈ ಡಬ್ಬದಲ್ಲಿ ಒಂದು ತೊಂದರೆ ಇತ್ತು. ಒಳಗೆ ಹೋದವನು ಚೀಟಿ ಹಾಕದೆ ಜೇಬಿನಲ್ಲಿಟ್ಟು ತಂದು ಹೊರಗೆ ಮಾರಬಹುದಿತ್ತು. ಹಾಗಾಗಿ 1962ರ ಮಹಾಚುನಾವಣೆ ಹೊತ್ತಿಗೆ ಚೀಟಿಯ ಮೇಲೆ ಮುದ್ರೆ ಒತ್ತಿ ಒಂದೇ ಪೆಟ್ಟಿಗೆಗೆ ಹಾಕುವ ಪದ್ಧತಿ ಬಂತು. ಅದೇ ಚುನಾವಣೆಯಿಂದ ಮೈಸೂರಿನ ಬಣ್ಣದ ಕಾರ್ಖಾನೆಯ ಅಳಿಸಲಾಗದ ಶಾಯಿ ಬೆರಳಿಗೆ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಸ್ಥಾಪಿಸಿದ ಕಾರ್ಖಾನೆ ಅದು. ಆ ಶಾಯಿಯನ್ನು ನೋಡಿದಾಗೆಲ್ಲ ನನಗೆ ಒಂದು ಮಾತು ಹೊಳೆಯುತ್ತದೆ. ನೀವು ಓಟು ಹಾಕಿದ್ದೀರಿ ಅಂತ ಅದು ಊರಿಗೆಲ್ಲ ಸಾರುತ್ತದೆ, ಯಾರಿಗೆ ಹಾಕಿದಿರಿ ಅಂತ ಮಾತ್ರ ಬಾಯಿ ಬಿಡುವುದಿಲ್ಲ. ನಾವೂ ಆ ಶಾಯಿಯ ಹಾಗೆ ಇರಬೇಕು.

ಕಾನೂನು ಏನು ಹೇಳುತ್ತದೆ

1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 94ನೇ ಕಲಮಿನ ಪ್ರಕಾರ, ನೀನು ಯಾರಿಗೆ ಓಟು ಹಾಕಿದೆ ಎಂದು ಸಾಕ್ಷಿಯನ್ನಾಗಲಿ ಬೇರೆ ಯಾರನ್ನಾಗಲಿ ಬಲವಂತ ಮಾಡುವಂತಿಲ್ಲ. ಕೋರ್ಟಿನ ಕಟಕಟೆಯಲ್ಲೇ ಹೇಳಬೇಕಾಗಿಲ್ಲ ಎಂದ ಮೇಲೆ ಅರಳಿಕಟ್ಟೆಯ ಮೇಲೆ ಕೂತವರಿಗೆ ಯಾಕೆ ಹೇಳಬೇಕು? ಅದೇ ಕಾಯಿದೆಯ 123ನೇ ಕಲಮು, ಸಾಮಾಜಿಕ ಬಹಿಷ್ಕಾರ ಹಾಕುತ್ತೇವೆ, ಜಾತಿಯಿಂದ ಹೊರಗಿಡುತ್ತೇವೆ ಎಂದು ಮತದಾರನನ್ನು ಹೆದರಿಸುವುದು ಚುನಾವಣಾ ಭ್ರಷ್ಟಾಚಾರ ಎಂದು ಹೆಸರಿಟ್ಟೇ ಹೇಳುತ್ತದೆ. ಬರೆದವರು ದೆಹಲಿಯಲ್ಲಿ ಕೂತಿದ್ದರೂ ಹಳ್ಳಿಯ ಕಷ್ಟ ಬಲ್ಲವರೇ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ, ಇಂಥವರಿಗೆ ಓಟು ಹಾಕಿದರು ಅಥವಾ ಹಾಕಲಿಲ್ಲ ಎಂಬ ಕಾರಣಕ್ಕೆ ದೌರ್ಜನ್ಯ ಮಾಡುವುದನ್ನು ಪ್ರತ್ಯೇಕ ಅಪರಾಧವಾಗಿಯೇ ಸೇರಿಸಿದ್ದಾರೆ. ಓಟಿನ ಸಿಟ್ಟು ಯಾರ ಮೇಲೆ ಮೊದಲು ಬೀಳುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಆದರೆ ಒಂದು ಬಾಗಿಲು ಇನ್ನೂ ಅರ್ಧ ತೆರೆದೇ ಇದೆ. ಚೀಟಿಯ ಕಾಲದಲ್ಲಿ ಹಲವು ಬೂತಿನ ಚೀಟಿಗಳನ್ನು ಡ್ರಮ್ಮಿಗೆ ಸುರಿದು, ಬೆರೆಸಿ ಎಣಿಸುವ ಪದ್ಧತಿ ಇತ್ತು. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ತುಂಬ ಓಟಿನ ಯಂತ್ರ ಬಂದ ಮೇಲೆ ಒಂದೊಂದು ಬೂತಿನ ಲೆಕ್ಕವೂ ಬೇರೆ ಬೇರೆ. ನಿಮ್ಮ ಓಟು ಗುಟ್ಟಾಗಿಯೇ ಇರುತ್ತದೆ, ನಿಮ್ಮ ಬೀದಿಯ ಓಟು ಬಯಲಾಗುತ್ತದೆ. ಹಲವು ಯಂತ್ರಗಳ ಓಟನ್ನು ಒಟ್ಟು ಕೂಡಿಸಿ ತೋರಿಸುವ ಟೋಟಲೈಸರ್ ಎಂಬ ಯಂತ್ರ ಬಳಸೋಣ ಎಂದು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತು, 2015ರಲ್ಲಿ ಕಾನೂನು ಆಯೋಗವೂ ಅದನ್ನೇ ಹೇಳಿತು. ಆದರೆ ಅದು ಜಾರಿಗೆ ಬಂದಿಲ್ಲ.

ಇದರ ಪರಿಣಾಮ ದೊಡ್ಡವರ ಬಾಯಲ್ಲೇ ಕೇಳಿದ್ದೇವೆ. 2019ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಸುಲ್ತಾನಪುರದಲ್ಲಿ ಅಭ್ಯರ್ಥಿಯಾಗಿದ್ದ ಕೇಂದ್ರ ಸಚಿವೆ ಮೇನಕಾ ಗಾಂಧಿಯವರು, ಬೂತಿನಲ್ಲಿ ಬಂದ ಓಟು ನೋಡಿ ಕೆಲಸ ಮಾಡಿಕೊಡುವ ಅರ್ಥದ ಮಾತನ್ನು ಮುಸ್ಲಿಂ ಮತದಾರರಿಗೆ ಹೇಳಿದರು. ಆ ಭಾಷಣಕ್ಕಾಗಿ ಆಯೋಗ 48 ಗಂಟೆ ಅವರ ಪ್ರಚಾರ ನಿಲ್ಲಿಸಿತು. ಅದೇ ವರ್ಷ ಜೂನ್‌ನಲ್ಲಿ ರಾಯಚೂರು ಜಿಲ್ಲೆಯ ಕರೇಗುಡ್ಡಕ್ಕೆ ಗ್ರಾಮ ವಾಸ್ತವ್ಯಕ್ಕೆ ಹೊರಟಿದ್ದ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು, ದಾರಿಯಲ್ಲಿ ಬಸ್ಸು ತಡೆದ ಯರಮರಸ್ ವಿದ್ಯುತ್ ಕೇಂದ್ರದ ಕಾರ್ಮಿಕರಿಗೆ, ಓಟು ಮೋದಿಯವರಿಗೆ, ಕೆಲಸಕ್ಕೆ ಮಾತ್ರ ನಾನಾ ಎಂಬರ್ಥದಲ್ಲಿ ಸಿಡುಕಿದ್ದು ದೊಡ್ಡ ಸುದ್ದಿಯಾಯಿತು. ಇಬ್ಬರ ಪಕ್ಷ ಬೇರೆ ಬೇರೆ, ಕಾಯಿಲೆ ಒಂದೇ. ದೊಡ್ಡ ಕುರ್ಚಿಯಲ್ಲಿ ಕೂತವರಿಗೇ ತಡೆಯಲಾಗದಿದ್ದರೆ ನಮ್ಮೂರಿನ ಮಾವನವರನ್ನು ಮಾತ್ರ ಏಕೆ ದೂರಬೇಕು?

ನಮ್ಮ ಸಂಘಕ್ಕೆ ಇದರಿಂದ ಏನು ಪಾಠ

1844ರ ರಾಕ್‌ಡೇಲ್ ನೇಕಾರರಿಂದ ಹಿಡಿದು, 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರವರೆಗೆ, ಸಹಕಾರದ ಅಡಿಪಾಯ ಎಂದರೆ ಎಲ್ಲರೂ ಸಮ ಎಂಬುದು. ಒಂದು ಷೇರು ಇದ್ದವನಿಗೂ ನೂರು ಷೇರು ಇದ್ದವನಿಗೂ ಒಂದೇ ಓಟು. ಸಾಲ ಕೊಡುವ ಕೈಯೂ ಓಟು ಕೇಳುವ ಕೈಯೂ ಒಂದೇ ಆಗಿರುವ ಸಂಘದಲ್ಲಿ ಗುಟ್ಟು ಹೋದರೆ ಆ ಸಮಾನತೆಯೂ ಹೋಯಿತು.

ಅವಿರೋಧ ಆಯ್ಕೆ ಆದರೆ ಊರು ನೆಮ್ಮದಿಯಾಗಿರುತ್ತದೆ ಅಂತ ಹಲವರು ಹೇಳುತ್ತಾರೆ. ಎಲ್ಲರ ಮನಸ್ಸೂ ಒಂದಾಗಿದ್ದರೆ ಬಹಳ ಸಂತೋಷ. ಆದರೆ ನಾಮಪತ್ರ ಹಾಕಲು ಬಂದವನನ್ನು ನಾಲ್ಕು ಜನ ಸುತ್ತುವರಿದು "ವಾಪಸ್ ತಗೋ" ಎಂದರೆ ಅದು ಅವಿರೋಧವಲ್ಲ, ಅದು ಮತ್ತೆ ಆ ಬಹಿರಂಗ ಓಟೇ.

ಅನುಭವದಿಂದ ಕಲಿತದ್ದು ನಾಲ್ಕು ಮಾತು. ಯಾರಿಗೆ ಹಾಕಿದೆ ಎಂದು ಕೇಳಿದರೆ ನಗುತ್ತಾ "ಪೆಟ್ಟಿಗೇನ ಕೇಳಿ ಅಣ್ಣಾ" ಅನ್ನಿ, ಸುಳ್ಳೂ ಹೇಳಬೇಡಿ, ನಿಜವನ್ನೂ ಹೇಳಬೇಡಿ. ಆಣೆ, ಪ್ರಮಾಣ, ಮೊಬೈಲಿನ ಫೋಟೋ ಯಾವುದೂ ಬೇಡ, ಅವರಿಗೇ ಹಾಕಿದ್ದರೂ ಬೇಡ, ಏಕೆಂದರೆ ನೀವು ಸಾಕ್ಷಿ ಕೊಟ್ಟರೆ ಕೊಡಲಾಗದವನು ಸಿಕ್ಕಿಬೀಳುತ್ತಾನೆ. ಎದುರಿನವರು ಮಾತು ಬಿಟ್ಟರೂ ನೀವು ನಮಸ್ಕಾರ ಬಿಡಬೇಡಿ. ಬೆದರಿಕೆ, ಬಹಿಷ್ಕಾರದವರೆಗೆ ಹೋದರೆ ಮಾತ್ರ ಸುಮ್ಮನಿರಬೇಡಿ, ಕಾನೂನಿನ ಬಾಗಿಲು ತಟ್ಟಿ. ಗೆದ್ದವರಿಗೆ ಒಂದೇ ಮಾತು: ಮೊದಲ ಸಾಲದ ಅರ್ಜಿ ನಿಮ್ಮ ವಿರೋಧಿ ಎಂದು ಹೆಸರಾದವನದ್ದೇ ಇರಲಿ, ನಿಯಮ ನೋಡಿ ಮಂಜೂರು ಮಾಡಿ. ಊರಿನ ಅರ್ಧ ಮುನಿಸು ಅಲ್ಲೇ ಇಳಿಯುತ್ತದೆ.

ಮಾವನ ಕಥೆ ಏನಾಯಿತು ಅಂತ ಕೇಳುತ್ತೀರಿ. ಮದುವೆಗೆ ಕರೆಯಬೇಕು, ಸಾವಿಗೆ ಕರೆಯಬೇಕಾಗಿಲ್ಲ. ದೊಡ್ಡಮ್ಮ ತೀರಿಕೊಂಡ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೂವಿನ ಹಾರ ಹಿಡಿದು ಬಂದವರು ಅವರೇ. ಚಟ್ಟಕ್ಕೆ ಹೆಗಲು ಕೊಟ್ಟರು. ಓಟಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ಅವರೂ ಇಲ್ಲ. ನಾನು ಅವತ್ತು ಯಾರಿಗೆ ಓಟು ಹಾಕಿದ್ದೆ ಎಂದು ಈ ಸಂಚಿಕೆಯಲ್ಲೂ ಬರೆಯುವುದಿಲ್ಲ. ಅದು ದೊಡ್ಡಮ್ಮನಿಗೆ ಕೊಟ್ಟ ಮಾತು.

ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಆಚರಿಸಲಿ, ಅಲ್ಲಿಯವರೆಗೆ ನಡೆಯುವ ಪ್ರತಿ ಚುನಾವಣೆಯ ಮಾರನೇ ಬೆಳಿಗ್ಗೆ ಗೆದ್ದವರೂ ಸೋತವರೂ ಒಂದೇ ಅಂಗಡಿಯಲ್ಲಿ ಹಾಲು ತಗೊಂಡು ಮಾತಾಡಿಕೊಂಡು ಮನೆಗೆ ಹೋಗುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.