ಗಾಳಿ ಒತ್ತಿ ಮಾಡಿದ ಮಾರುತ್

ಬೆಂಗಳೂರಿನ ಹಳೇ ಮದ್ರಾಸ್ ರಸ್ತೆಗೂ ಹಳೇ ಏರ್‌ಪೋರ್ಟ್ ರಸ್ತೆಗೂ ನಡುವೆ ಸುರಂಜನ್ ದಾಸ್ ರಸ್ತೆ ಇದೆ. ಆಫೀಸ್ ಕ್ಯಾಬ್‌ನಲ್ಲಿ ಕೂತು ಅಲ್ಲಿನ ಟ್ರಾಫಿಕ್ಕಿಗೆ ಶಾಪ ಹಾಕಿದವರು ಸಾವಿರಾರು ಜನ ಇರಬಹುದು. ಆದರೆ ಈ ದಾಸ್ ಯಾರು ಅಂತ ಕೇಳಿದರೆ ಹೆಚ್ಚಿನವರು ಗೂಗಲ್ ಮಾಡಬೇಕಾಗುತ್ತೆ. ವಿಂಗ್ ಕಮಾಂಡರ್ ಸುರಂಜನ್ ದಾಸ್ ಟೆಸ್ಟ್ ಪೈಲಟ್. 1961ರ ಜೂನ್‌ನಲ್ಲಿ ಇದೇ ಎಚ್‌ಎಎಲ್ ರನ್‌ವೇಯಿಂದ ಎಚ್‌ಎಫ್-24 ಮಾರುತ್ ಎಂಬ ಜೆಟ್ ಯುದ್ಧವಿಮಾನವನ್ನು ಮೊದಲ ಸಲ ಹಾರಿಸಿದವರು. 1970ರ ಜನವರಿಯಲ್ಲಿ ಅದೇ ಮಾರುತ್‌ನ ಹೊಸ ಮಾದರಿಯೊಂದನ್ನು ಪರೀಕ್ಷಿಸುವಾಗ, ಬೆಂಗಳೂರಿನಲ್ಲೇ ಟೇಕಾಫ್ ಆದ ಕೂಡಲೇ ಅಪಘಾತವಾಗಿ ತೀರಿಕೊಂಡರು.

ಮಾರುತ್ ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಫೈಟರ್. ಇಷ್ಟು ದೊಡ್ಡ ಸಂಗತಿಗೆ ಆಟಿಕೆ ಅಂಗಡಿಯಲ್ಲಿ ಒಂದು ಡಬ್ಬಿಯಾದರೂ ಇರಬೇಕಿತ್ತು ಅಲ್ವಾ? ಏರ್‌ಫಿಕ್ಸ್, ರೆವೆಲ್, ತಮಿಯಾ, ಹಸೆಗಾವಾ, ಹೀಗೆ ಸ್ಕೇಲ್ ಮಾಡೆಲ್ ಕಿಟ್ ಮಾಡುವ ದೊಡ್ಡ ಕಂಪನಿಗಳ ಪಟ್ಟಿ ತೆಗೆದು ನೋಡಿ. ಸ್ಪಿಟ್‌ಫೈರ್ ಇದೆ, ಮೆಸರ್‌ಶ್ಮಿಟ್ ಇದೆ, ಎಷ್ಟು ಬೇಕೋ ಅಷ್ಟಿವೆ. ಮಾರುತ್ ಇಲ್ಲ. ಯಾಕಿಲ್ಲ ಅಂತ ಹುಡುಕುತ್ತಾ ಹೋದ ನನಗೆ ಸಿಕ್ಕಿದ ಉತ್ತರ ಒಂದೇ ಪದ: ಅಚ್ಚು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದ್ದೀರಾ? ಮರದ ಎರಡು ಹೋಳುಗಳನ್ನು ಜೋಡಿಸಿ ಕಟ್ಟಿ, ನಡುವಿನ ಖಾಲಿ ಜಾಗಕ್ಕೆ ಬಿಸಿ ಪಾಕ ಹೊಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಗಿಳಿ, ಆನೆ, ತುಳಸಿಕಟ್ಟೆ. ಅಂಗಡಿಯ ಪ್ಲಾಸ್ಟಿಕ್ ಕಿಟ್ ತಯಾರಾಗುವುದೂ ಹೆಚ್ಚುಕಮ್ಮಿ ಹೀಗೇ. ವ್ಯತ್ಯಾಸ ಏನೆಂದರೆ ಅಲ್ಲಿ ಅಚ್ಚು ಉಕ್ಕಿನದು, ಕರಗಿದ ಪಾಲಿಸ್ಟೈರೀನನ್ನು ಭಾರೀ ಒತ್ತಡದಲ್ಲಿ ಒಳಗೆ ತಳ್ಳುತ್ತಾರೆ. ಇದೇ ಇಂಜೆಕ್ಷನ್ ಮೋಲ್ಡಿಂಗ್. ಉಕ್ಕಿನ ಅಚ್ಚು ಕೊರೆಯುವುದು ತುಂಬಾ ದುಬಾರಿ. ಸಾವಿರಾರು ಡಬ್ಬಿ ಮಾರಾಟವಾದರೆ ಮಾತ್ರ ಹಾಕಿದ ದುಡ್ಡು ಬರುತ್ತೆ. 1953ರಲ್ಲಿ ಬ್ರಿಟನ್ನಿನ ಏರ್‌ಫಿಕ್ಸ್ ತನ್ನ ಮೊದಲ ವಿಮಾನದ ಕಿಟ್ ತಂದಾಗ ಆರಿಸಿಕೊಂಡದ್ದು ಸ್ಪಿಟ್‌ಫೈರನ್ನು. ಅದು ವುಲ್‌ವರ್ತ್ಸ್ ಅಂಗಡಿಗಳಲ್ಲಿ ಎರಡು ಶಿಲಿಂಗಿಗೆ ಸಿಗುತ್ತಿತ್ತು. ಯುದ್ಧ ಗೆದ್ದ ದೇಶದ ಪ್ರತಿ ಹುಡುಗನಿಗೂ ಆ ಹೆಸರು ಗೊತ್ತಿತ್ತು, ಮಾರಾಟದ ಚಿಂತೆ ಇರಲಿಲ್ಲ.

ಮಾಡೆಲ್‌ಗಳ 1/72 ಅನ್ನುವ ಅಳತೆಯೂ ಬ್ರಿಟಿಷ್ ಲೆಕ್ಕಾಚಾರದ್ದೇ. ನಿಜವಾದ ವಿಮಾನದ ಆರು ಅಡಿ ಮಾಡೆಲ್‌ನಲ್ಲಿ ಒಂದು ಇಂಚು. 1930ರ ದಶಕದಲ್ಲಿ ಶುರುವಾದ ಈ ಅಳತೆ ಎರಡನೇ ಮಹಾಯುದ್ಧದಲ್ಲಿ ಗಟ್ಟಿಯಾಯಿತು. ಆಕಾಶದಲ್ಲಿ ಕಾಣುವುದು ನಮ್ಮದಾ, ಶತ್ರುವಿನದಾ ಅಂತ ಸೈನಿಕರಿಗೆ ಕಲಿಸಲು 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ 5 ಲಕ್ಷ ಮರದ ಮಾಡೆಲ್‌ಗಳನ್ನು ಕೇಳಿತ್ತು. ಅವೂ ಇದೇ 1/72.

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಒಂದೇ ಕಾಲಕ್ಕೆ ಎರಡು ಜೆಟ್‌ಗಳು ತಯಾರಾಗುತ್ತಿದ್ದವು. ಒಂದು ನಮ್ಮ ಮಾರುತ್. ಇನ್ನೊಂದು ಬ್ರಿಟಿಷ್ ಲೈಸೆನ್ಸಿನ ನ್ಯಾಟ್. ನ್ಯಾಟ್‌ಗೆ ಏರ್‌ಫಿಕ್ಸ್ ಕಿಟ್ ಬಂತು. ಬಂದದ್ದು ನಮ್ಮ ಒಂದು ಸೀಟಿನ ಫೈಟರಿನದಲ್ಲ, ಬ್ರಿಟನ್ನಿನ ರೆಡ್ ಆರೋಸ್ ತಂಡ ಹಾರಿಸುತ್ತಿದ್ದ ಎರಡು ಸೀಟಿನ ಟ್ರೈನರಿನದು. ಮಾರುತ್‌ಗೆ ಅಂಥ ಅದೃಷ್ಟ ಇರಲಿಲ್ಲ. ಒಟ್ಟು ತಯಾರಾದದ್ದು 147, ಹಾರಿಸಿದ್ದು ಒಂದೇ ದೇಶದ ವಾಯುಪಡೆ. ಇಷ್ಟಕ್ಕೆ ಯಾರು ಉಕ್ಕು ಕೊರೆಯುತ್ತಾರೆ?

ಇಂಥ ಅನಾಥ ವಿಮಾನಗಳ ಕೈ ಹಿಡಿದದ್ದು ವ್ಯಾಕ್ಯೂಮ್ ಫಾರ್ಮಿಂಗ್. ಬೇಕರಿ ಕೇಕಿನ ಮುಚ್ಚಳ, ಬಿಸ್ಕತ್ತಿನ ಟ್ರೇ ಇವೆಲ್ಲ ಆಗುವುದು ಇದರಲ್ಲೇ. ತತ್ವ ಸರಳ. ನಮ್ಮೂರ ಕಡೆ ಅಡಿಕೆ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿಗೆ ಒತ್ತಿ ತಟ್ಟೆ ಮಾಡುತ್ತಾರಲ್ಲ, ಹಾಗೆ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಮೆತ್ತಗೆ ಮಾಡಿ, ಅಚ್ಚಿನ ಮೇಲೆ ಹೊದಿಸಿ, ಕೆಳಗಿನ ಗಾಳಿ ಎಳೆದುಬಿಟ್ಟರೆ ಆಯಿತು. ಅಚ್ಚಿಗೆ ಉಕ್ಕು ಬೇಕಿಲ್ಲ, ಮರವೋ ರೆಸಿನ್ನೋ ಸಾಕು. ಬ್ರಿಟನ್ನಿನ ರೇರ್‌ಪ್ಲೇನ್ಸ್, ಕಾಂಟ್ರೇಲ್, ಜರ್ಮನಿಯ ಏರ್‌ಮಾಡೆಲ್ ತರಹದ ಪುಟ್ಟ ಸಂಸ್ಥೆಗಳು ದೊಡ್ಡವರು ಮುಟ್ಟದ ವಿಮಾನಗಳನ್ನು ಹೀಗೇ ಜನರ ಕೈಗೆ ಕೊಟ್ಟವು. ಆಮೇಲೆ ಬಂದ ಡೈನಾವೆಕ್ಟರ್ ಸಂಸ್ಥೆ 1/48 ಅಳತೆಯಲ್ಲಿ ಬ್ರಿಟಿಷ್ ನೌಕಾಪಡೆಯ ಸೀ ವಿಕ್ಸನ್ ಮಾಡಿತು. ಏರ್‌ಫಿಕ್ಸ್ ಅದೇ ವಿಮಾನಕ್ಕೆ ಅದೇ ಅಳತೆಯಲ್ಲಿ ಉಕ್ಕಿನ ಅಚ್ಚು ಹಾಕಿದ್ದು 2010ರ ಹೊತ್ತಿಗೆ. ಅಲ್ಲಿಯವರೆಗೆ ನೆನಪನ್ನು ಕಾಪಾಡಿದ್ದು ಆ ತೆಳ್ಳನೆಯ ಬಿಳಿ ಹಾಳೆಗಳು.

ಹಾಗಾಗಿ ನನ್ನ ಮಾರುತ್ತನ್ನು ನಾನೇ ಎಳೆಯಬೇಕೆಂದು ಕೂತೆ. ನಿಜವಾದ ಉದ್ದ 15.87 ಮೀಟರ್, ರೆಕ್ಕೆಯ ಅಗಲ 9 ಮೀಟರ್. 72ರಿಂದ ಭಾಗಿಸಿದರೆ 22 ಸೆಂಟಿಮೀಟರ್ ಉದ್ದ, 12.5 ಸೆಂಟಿಮೀಟರ್ ಅಗಲ. ತೇಗದ ತುಂಡಿನಲ್ಲಿ ಒಡಲಿನ ಎಡ ಅರ್ಧ, ಬಲ ಅರ್ಧ ಬೇರೆ ಬೇರೆ ಕೆತ್ತಬೇಕು. ಇಡೀ ಒಡಲು ಒಂದೇ ತುಂಡಾದರೆ ಪ್ಲಾಸ್ಟಿಕ್ ಅದನ್ನು ತಬ್ಬಿಕೊಂಡು ಬಿಡುವುದೇ ಇಲ್ಲ. ಎಲ್ಲೆಲ್ಲಿ ತಗ್ಗು ಇದೆಯೋ ಅಲ್ಲಿ ಸೂಜಿಯಷ್ಟು ತೂತು ಕೊರೆಯಬೇಕು, ಗಾಳಿ ಅಲ್ಲಿಂದಲೇ ಹೊರಗೆ ಹೋಗಬೇಕಲ್ಲ. ಕೆಳಗೆ ಒಂದು ಮರದ ಪೆಟ್ಟಿಗೆ, ಅದಕ್ಕೆ ಮನೆಯ ವ್ಯಾಕ್ಯೂಮ್ ಕ್ಲೀನರಿನ ಪೈಪು. ಒಂದು ಮಿಲಿಮೀಟರ್ ದಪ್ಪದ ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಅಡುಗೆಗೆ ಬಳಸದ ಹಳೆಯ ಓಟಿಜಿಯಲ್ಲಿ ಇಡಬೇಕು. ಕಿಟಕಿ ತೆಗೆದಿರಲಿ, ಹೊಗೆ ಒಳ್ಳೆಯದಲ್ಲ. ನೂರು ಡಿಗ್ರಿ ದಾಟಿದ ಮೇಲೆ ಹಾಳೆ ನಡುವೆ ಜೋತು ಬೀಳುತ್ತೆ. ಆಗ ತೆಗೆದು ಅಚ್ಚಿನ ಮೇಲೆ ಒತ್ತಿ ಸ್ವಿಚ್ ಹಾಕಿದರೆ, ಎರಡೇ ಸೆಕೆಂಡಿನಲ್ಲಿ ಹಾಳೆಯೊಳಗಿಂದ ವಿಮಾನ ಎದ್ದು ಬರುತ್ತೆ.

ವ್ಯಾಕ್ಯೂಮ್ ಎಳೆಯುತ್ತೆ ಅಂತೀವಿ. ಅಸಲಿಗೆ ಅದು ಏನನ್ನೂ ಎಳೆಯಲ್ಲ. ಕೆಳಗಿನ ಗಾಳಿ ಕಮ್ಮಿಯಾದಾಗ ಮೇಲಿನ ವಾತಾವರಣ ಒತ್ತುತ್ತೆ, ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. 20 ಗುಣಿಸು 30 ಸೆಂಟಿಮೀಟರಿನ ಹಾಳೆಯ ಮೇಲೆ ಪೂರ್ತಿ ನಿರ್ವಾತವಾದರೆ 600 ಕಿಲೋ ಭಾರ. ಮನೆಯ ಕ್ಲೀನರಿಗೆ ಅದರ ಐದನೇ ಒಂದು ಭಾಗ ಸಿಕ್ಕರೂ 120 ಕಿಲೋ. ಮಾರುತ ಅಂದರೆ ಗಾಳಿ. ಇಲ್ಲಿ ಗಾಳಿಯೇ ಮಾರುತ್ತನ್ನು ಒತ್ತಿ ಮಾಡುತ್ತೆ.

ಕಷ್ಟ ಇರುವುದು ಆಮೇಲೆ. ಅಂಗಡಿ ಕಿಟ್‌ನಲ್ಲಿ ಭಾಗಗಳು ಟಕ್ ಅಂತ ಕೂರಲು ಗುಬುಟು, ತೂತು ಇರುತ್ತವೆ. ಇದರಲ್ಲಿ ಏನೂ ಇಲ್ಲ. ಮೊದಲು ಪ್ರತಿ ಭಾಗದ ಬುಡಕ್ಕೆ ಪೆನ್ಸಿಲ್ ಗೆರೆ ಎಳೆದು, ಚಾಕುವಿನಿಂದ ಗೀರಿ ಹಾಳೆಯಿಂದ ಬಿಡಿಸಬೇಕು. ಗಾಜಿನ ಮೇಲೆ ನೀರು ಕಾಗದ ಇಟ್ಟು ಅದರ ಅಂಚನ್ನು ಉಜ್ಜುತ್ತಾ ಹೋಗಬೇಕು. ಹಾಳೆಯ ಒಂದು ಮಿಲಿಮೀಟರ್ ದಪ್ಪ ಅಂದರೆ ನಿಜದಲ್ಲಿ 72 ಮಿಲಿಮೀಟರ್. ಅದನ್ನು ತೆಗೆಯದಿದ್ದರೆ ವಿಮಾನ ಊದಿಕೊಳ್ಳುತ್ತೆ. ಪೆನ್ಸಿಲ್ ಗೆರೆ ಮುಟ್ಟಿದಾಗ ನಿಲ್ಲಿಸಬೇಕು, ಜಾಸ್ತಿ ಉಜ್ಜಿದರೆ ಸೊರಗುತ್ತೆ. ಒಳಗೆ ಅಡ್ಡಪಟ್ಟಿ, ರೆಕ್ಕೆಗೆ ತೊಲೆ, ಚಕ್ರದ ಕಾಲು ಎಲ್ಲ ನಾವೇ ಮಾಡಬೇಕು. ವೀಕೆಂಡ್‌ಗಳು ಹೀಗೇ ಕರಗುತ್ತವೆ.

ಆದರೆ ಉಜ್ಜುವಾಗ ಬೆರಳಿಗೆ ಒಂದು ವಿಷಯ ಗೊತ್ತಾಗುತ್ತೆ, ಫೋಟೋ ನೋಡಿದಾಗ ಗೊತ್ತಾಗದ್ದು. ಮಾರುತ್‌ನ ಸೊಂಟ ನಡುವೆ ಸಣ್ಣದು. ರೆಕ್ಕೆ ಸೇರುವ ಕಡೆ ಒಡಲನ್ನು ಬೇಕೆಂದೇ ಕಿರಿದು ಮಾಡಿದ್ದಾರೆ. ಶಬ್ದದ ವೇಗದ ಹತ್ತಿರ ಬಂದಾಗ ಎಳೆತ ಕಮ್ಮಿ ಮಾಡುವ ಉಪಾಯ ಇದು. ಗಾಳಿ ಒಳಗೆಳೆಯುವ ಪಕ್ಕದ ಬಾಯಿಗಳಲ್ಲಿ ಅರ್ಧ ಶಂಕುಗಳಿವೆ, ಅವೂ ಶಬ್ದಕ್ಕಿಂತ ವೇಗವಾಗಿ ಹೋಗುವ ವಿಮಾನಕ್ಕೆ ಬೇಕಾದವು. ಅಂದರೆ ಇದು ಶಬ್ದವನ್ನು ಆರಾಮಾಗಿ ಹಿಂದೆ ಹಾಕಲು ಹುಟ್ಟಿದ ದೇಹ.

ಹಾಕಲಿಲ್ಲ. ಇದರ ವಿನ್ಯಾಸದ ಮುಖ್ಯಸ್ಥ ಕುರ್ಟ್ ಟ್ಯಾಂಕ್, ಜರ್ಮನಿಯ ಫೋಕ-ವುಲ್ಫ್ 190 ಮಾಡಿದವರು. ಯುದ್ಧದ ನಂತರ ಅರ್ಜೆಂಟೀನಾದಲ್ಲಿ ಕೆಲಸ ಮಾಡಿ 1956ರಲ್ಲಿ ಬೆಂಗಳೂರಿಗೆ ಬಂದರು. ಇಲ್ಲಿ ವಿ. ಎಂ. ಘಾಟಗೆಯಂಥವರು ಕಟ್ಟಿದ ಭಾರತೀಯ ವಿನ್ಯಾಸಗಾರರ ತಂಡ ಆಗಲೇ ಇತ್ತು. ಇವರೆಲ್ಲ ಸೇರಿ 1959ರಲ್ಲಿ ಪೂರ್ಣ ಗಾತ್ರದ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆಳೆದು ಹಾರಿಸಿ ನೋಡಿದರು. 1/1 ಅಳತೆಯ ಮರದ ಮಾಡೆಲ್ ಅನ್ನಿ. ದೇಹ ಸರಿಯಾಗೇ ಇತ್ತು. ಕೈಕೊಟ್ಟದ್ದು ಇಂಜಿನ್. ಅವರು ನಂಬಿಕೊಂಡಿದ್ದದ್ದು ಬ್ರಿಟನ್ನಿನ ಆರ್ಫಿಯಸ್ ಇಂಜಿನ್ನಿನ ಹೆಚ್ಚು ಶಕ್ತಿಯ ಮಾದರಿಯನ್ನು. ಅದಕ್ಕೆ ಬೇರೆ ಗಿರಾಕಿಗಳಿರಲಿಲ್ಲ. ಅಭಿವೃದ್ಧಿಯ ಖರ್ಚು ಭಾರತವೇ ಕೊಡಲಿ ಅಂದರು, ದೆಹಲಿ ಒಪ್ಪಲಿಲ್ಲ. ಆಮೇಲೆ ಈಜಿಪ್ಟಿನ ಇಂಜಿನ್ ಹಾಕಿ ನೋಡಿದ್ದಾಯಿತು, ಅದೂ ಫಲ ಕೊಡಲಿಲ್ಲ. ಕೊನೆಗೆ ಪುಟ್ಟ ನ್ಯಾಟ್‌ಗೆ ಇದ್ದ ಜಾತಿಯದೇ ಆರ್ಫಿಯಸ್ ಎರಡು ಕೂರಿಸಿ ಹಾರಿಸಿದರು. ದಾಸ್ ತೀರಿಕೊಂಡದ್ದು ಆ ಇಂಜಿನ್ನಿಗೆ ಹೆಚ್ಚುವರಿ ಬೆಂಕಿ ಕೊಡುವ, ಅಂದರೆ ಆಫ್ಟರ್‌ಬರ್ನರ್ ಇದ್ದ ಮಾದರಿಯಲ್ಲಿ. ಇಷ್ಟಾದರೂ 1971ರ ಯುದ್ಧದಲ್ಲಿ ಮಾರುತ್‌ಗಳು ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿ ತೋರಿಸಿದವು.

ಗಮನಿಸಿ, ಇಂಜಿನ್ ಸಿಗದಿದ್ದ ಕಾರಣವೂ ಕಿಟ್ ಬರದಿದ್ದ ಕಾರಣವೂ ಒಂದೇ. ಒಬ್ಬನೇ ಗಿರಾಕಿಗೋಸ್ಕರ ದುಬಾರಿ ಅಚ್ಚು ಯಾರೂ ಹಾಕಲ್ಲ. ಹಾಕಬೇಕಾದರೆ ಆ ಗಿರಾಕಿಯೇ ಹಾಕಬೇಕು. ನಾವು ಆಫೀಸಿನಲ್ಲಿ ಇದನ್ನೇ ದಿನಾ ಕೇಳುತ್ತೀವಿ: ಈ ಫೀಚರ್ ಎಷ್ಟು ಜನಕ್ಕೆ ಬೇಕು, ಬ್ಯುಸಿನೆಸ್ ಕೇಸ್ ಏನು? ಆ ಪ್ರಶ್ನೆ ತಪ್ಪು ಅಂತಲ್ಲ. ಆದರೆ ಇತಿಹಾಸವನ್ನೂ ಅದರ ಕೈಗೇ ಕೊಟ್ಟರೆ ಉಳಿಯುವುದು ಹೆಚ್ಚು ಮಾರಾಟವಾದವರ ಕಥೆ ಮಾತ್ರ.

ನಿಜವಾದ ಮಾರುತ್ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಎಚ್‌ಎಎಲ್ ಹೆರಿಟೇಜ್ ಸೆಂಟರಿನಲ್ಲಿದೆ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲೂ ಇದೆ. ಹತ್ತಿರ ನಿಂತು ಪಕ್ಕದಿಂದ ಆ ಸೊಂಟವನ್ನು ನೋಡಿ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ಮನೆಯಲ್ಲೂ ಒಂದು ಇರಲಿ ಅನ್ನಿಸಿದರೆ ಹೇಳಿ, ನನ್ನ ತೇಗದ ಅಚ್ಚು ಇನ್ನೂ ಗಟ್ಟಿಮುಟ್ಟಾಗಿದೆ. ಒಂದು ಹಾಳೆ ಎಳೆದುಕೊಡುವುದು ಹತ್ತು ನಿಮಿಷದ ಕೆಲಸ. ಉಜ್ಜುವುದು ಮಾತ್ರ ನಿಮ್ಮ ಪಾಲಿನದು.