ನಮ್ಮ ನೀರನ್ನು ಅಳೆದವರು ಯಾರು?



ನಗರಗಳಲ್ಲಿ ಹಳೇ ನೀರಿನ ಮೀಟರ್ ತೆಗೆದು ಹೊಸದು ಹಾಕಬೇಕು, ಕುಡಿಯೋ ನೀರು ಉಳಿಸಬೇಕು ಅನ್ನೋ ಮಾತು ಈಗ ಎಲ್ಲಾ ಕಡೆ ಕೇಳಿಬರುತ್ತಿದೆ. ಒಳ್ಳೇ ಮಾತೇ. ಆದರೆ ಮೀಟರ್ ಅನ್ನೋದು ಬರುವ ಮುಂಚೆಯೂ ನಮ್ಮ ನೀರನ್ನು ಯಾರೋ ಅಳೆಯುತ್ತಲೇ ಇದ್ದರು. ಆ ಚರಿತ್ರೆ ತಿಳಿಯದೆ, ಈ ಮೀಟರಿನಿಂದ ನಮಗೆ ಲಾಭವೋ ನಷ್ಟವೋ ಅಂತ ಹೇಳೋಕಾಗಲ್ಲ.

ನಮ್ಮಜ್ಜಿ ಹೇಳೋರು: ಊರ ಬಾವಿ ಹತ್ರ ಖಾಲಿ ಬಿಂದಿಗೆ ಇಟ್ಟು ದೂರ ನಿಲ್ಲಬೇಕಿತ್ತಂತೆ. ಯಾರಿಗಾದರೂ ಮನಸ್ಸು ಬಂದು ಮೇಲಿಂದ ಹುಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. "ಎಷ್ಟು ಹುಯ್ದರೋ ಅಷ್ಟೇ ಕಣೋ, ಸಾಲದು ಅನ್ನೋ ಹಂಗಿರಲಿಲ್ಲ" ಅಂತಿದ್ದರು. ಅವತ್ತು ನಮ್ಮ ಮೀಟರ್ ಇದ್ದದ್ದು ಬೇರೆಯವರ ಕೈಯಲ್ಲಿ.

ಈ ಕೈಯನ್ನು ಪ್ರಶ್ನೆ ಮಾಡಿದ್ದು ಮಹಾಡ್. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಚವದಾರ್ ಕೆರೆಗೆ ಹೋಗಿ ನೀರು ಕುಡಿದರು. ಆ ಕೆರೆ ಎಲ್ಲರದು ಅಂತ ಬಾಂಬೆ ಹೈಕೋರ್ಟು ಹೇಳುವ ಹೊತ್ತಿಗೆ 1937 ಆಗಿತ್ತು. ಒಂದು ಬೊಗಸೆ ನೀರಿಗೆ ಹತ್ತು ವರ್ಷದ ಕೋರ್ಟು!

ನಮ್ಮ ಹೊಸೂರು ಆಗ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ ಪ್ರಾಂತ್ಯದ ಪ್ರಧಾನಿಯಾಗಿದ್ದಾಗ, 1938ರಲ್ಲಿ, ನಮ್ಮ ನಾಯಕರಾದ ಎಂ. ಸಿ. ರಾಜಾ ತಂದ ಮಸೂದೆ ಕಾನೂನಾಯಿತು. ಸಾರ್ವಜನಿಕ ಬಾವಿ, ಕೆರೆ, ದಾರಿಯಲ್ಲಿ ಯಾರನ್ನೂ ತಡೆಯೋ ಹಾಗಿಲ್ಲ ಅಂತ. ಆಮೇಲೆ 1950ರಲ್ಲಿ ಸಂವಿಧಾನವೇ ಅದನ್ನು ಹೇಳಿತು. ಆದರೂ ಅಜ್ಜಿ ಬಿಂದಿಗೆ ಹಿಡಿದು ಕಾಯ್ದದ್ದು ಈ ಕಾನೂನು ಬಂದಮೇಲೆಯೇ ಅನ್ನೋದನ್ನು ಮರೀಬೇಡಿ.

ಬಾವಿ ಸಿಕ್ಕಿದರೂ ನೀರು ಒಳ್ಳೇದಿರಲಿಲ್ಲ. ಧರ್ಮಪುರಿ, ಕೃಷ್ಣಗಿರಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ವರ್ಷಾನುಗಟ್ಟಲೆ ಕುಡಿದರೆ ಹಲ್ಲು ಕರೆಗಟ್ಟಬಹುದು, ಫ್ಲೋರೈಡ್ ತೀರಾ ಹೆಚ್ಚಾದರೆ ಮೂಳೆಯೂ ಬಾಗಬಹುದು. ಅದಕ್ಕೇ ಜಪಾನಿನ ಸಾಲದಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು. 2008ರಲ್ಲಿ ಅಡಿಗಲ್ಲು, 2013ರಲ್ಲಿ ಉದ್ಘಾಟನೆ. ಆಗ ಕರ್ನಾಟಕದಲ್ಲಿ ಕನ್ನಡದ ಹೆಸರಿನಲ್ಲಿ ಇದರ ವಿರುದ್ಧ ಹೋರಾಟ ನಡೆಯಿತು. ಇಲ್ಲಿ ಆ ನೀರಿಗಾಗಿ ಕಾಯ್ತಿದ್ದ ನಮ್ಮಂಥವರ ಮನೆಮಾತೂ ಕನ್ನಡವೇ ಆಗಿತ್ತು.

ಹೀಗೆ ಕಾವೇರಿ ಬಂದಳು. ಆದರೆ ಎಲ್ಲಿಯವರೆಗೆ? ಎಷ್ಟೋ ಮನೆಗಳಿಗೆ ಬೀದಿ ಕೊನೆಯ ನಲ್ಲಿಯವರೆಗೆ ಮಾತ್ರ. ಇಲ್ಲೇ ಸ್ವಲ್ಪ ನಿಂತು ಓದಿ. ನಗರಗಳ ನೀರು ಸರಬರಾಜಿಗೆ ಕೇಂದ್ರ ಸರ್ಕಾರದ 1999ರ ಕೈಪಿಡಿ ಒಂದಿತ್ತು. ಅದರ ಪ್ರಕಾರ ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್. ಬೀದಿ ನಲ್ಲಿಯಲ್ಲಿ ಹಿಡಿಯುವವರಿಗೆ 40 ಲೀಟರ್ ಇತ್ತು. ಜಾತಿಯ ಹೆಸರು ಅದರಲ್ಲಿರಲಿಲ್ಲ. ಆದರೆ ಬೀದಿ ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟು ನಿಲ್ಲುವವರು ಯಾರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನೊಂದು ವಿಷಯ. ಬೀದಿ ನಲ್ಲಿಯ ನೀರಿಗೆ ಮನೆವಾರು ಬಿಲ್ ಇಲ್ಲದ್ದರಿಂದ, ಅದು "ವರಮಾನ ಬಾರದ ನೀರು" ಅನ್ನೋ ಲೆಕ್ಕಕ್ಕೆ ಹೋಗುತ್ತೆ. ಒಡೆದ ಪೈಪಿನ ಸೋರಿಕೆಯೂ, ಕದ್ದ ನೀರೂ, ನಮ್ಮವ್ವ ಹಿಡಿದ ಬಿಂದಿಗೆಯೂ ಒಂದೇ ಪಟ್ಟಿಯಲ್ಲಿ!

ಈಗ ಮೀಟರ್ ವಿಷಯ. ಹಳೇ ಮೀಟರಿನೊಳಗೆ ಒಂದು ಚಕ್ರ ಇರುತ್ತೆ. ಸವೆದರೆ ಸಣ್ಣ ಹರಿವಿಗೆ ಅದು ತಿರುಗಲ್ಲ. ನೀರು ಬಿಟ್ಟು ಬಿಟ್ಟು ಬಂದರೆ ಪೈಪಿನ ಗಾಳಿಗೇ ತಿರುಗುತ್ತೆ. ಹೊಸ ಅಲ್ಟ್ರಾಸಾನಿಕ್ ಮೀಟರಿನಲ್ಲಿ ತಿರುಗೋ ಚಕ್ರವೇ ಇಲ್ಲ, ಸಣ್ಣ ಸೋರಿಕೆಯೂ ಗೊತ್ತಾಗುತ್ತೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ಪೈಪು ಬದಲಿಸಿ, ಮನೆ ಮನೆಗೆ ಮೀಟರ್ ಹಾಕಿ, 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಕೊಟ್ಟರು. ಅಂದರೆ ಆಗುವ ಕೆಲಸವೇ. ಆದರೆ ಅದೇ ಊರಿನ ಉಳಿದ ವಾರ್ಡುಗಳು ಹಲವು ದಿನಕ್ಕೊಮ್ಮೆ ಬರುವ ನೀರಿಗೆ ವರ್ಷಗಟ್ಟಲೆ ಕಾಯ್ದವು.

ದರದಲ್ಲೂ ಒಂದು ಸೂಕ್ಷ್ಮ ಇದೆ. ಬೆಂಗಳೂರಿನಲ್ಲಿ 2014ರ ದರದ ಪ್ರಕಾರ ತಿಂಗಳಿಗೆ ಮೊದಲ 8,000 ಲೀಟರಿಗೆ ಅತಿ ಕಡಿಮೆ ದರ, ಸಾವಿರ ಲೀಟರಿಗೆ 7 ರೂಪಾಯಿ ಇತ್ತು. ಐದು ಜನರ ಮನೆಯಾದರೆ ತಲೆಗೆ ದಿನಕ್ಕೆ 53 ಲೀಟರ್ ಆಯಿತು. ಅಣ್ಣ ತಮ್ಮಂದಿರು ಒಂದೇ ಸೂರಿನಡಿ ಒಂಬತ್ತು ಜನ ಇದ್ದರೆ 30 ಲೀಟರೂ ಇಲ್ಲ. ಮೀಟರಿಗೆ ಜಾತಿ ಗೊತ್ತಿಲ್ಲ, ನಿಜ. ಮನೆಯಲ್ಲಿ ಎಷ್ಟು ತಲೆ ಇದೆ ಅಂತಲೂ ಗೊತ್ತಿಲ್ಲ. ಅದನ್ನು ನಾವೇ ಹೇಳಬೇಕು.

ಹಾಗಂತ ಮೀಟರ್ ಬೇಡ ಅನ್ನೋದು ತಪ್ಪು. ಲೆಕ್ಕ ಇಲ್ಲದ ಕಡೆ ಅನ್ಯಾಯಕ್ಕೆ ಸಾಕ್ಷಿಯೂ ಇರಲ್ಲ. ನಾವು ಕೇಳಬೇಕಾದ್ದು ಮೂರು. ಮೊದಲು ಪ್ರತಿ ಮನೆಗೂ ನಲ್ಲಿ, ಆಮೇಲೆ ಮೀಟರ್. ಕಡಿಮೆ ದರವನ್ನು ಮನೆಯ ತಲೆ ಎಣಿಸಿ ಕೊಡಲಿ. ಪ್ರತಿ ಬಡಾವಣೆಗೆ ನೀರು ಬರುವ ದೊಡ್ಡ ಪೈಪಿಗೂ ಮೀಟರ್ ಹಾಕಿ, ಯಾವ ಬಡಾವಣೆಗೆ ಎಷ್ಟು ಹೋಯಿತು ಅಂತ ಬೋರ್ಡಿನಲ್ಲಿ ಬರೆಯಲಿ.

ನಮ್ಮ ಕೆಲಸವೂ ಇದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ದಿನಕ್ಕೆ 15 ಲೀಟರಿನ ಒಂದು ಬಿಂದಿಗೆ ತುಂಬಿದರೆ ತಿಂಗಳಿಗೆ 450 ಲೀಟರ್ ಹೋಯಿತು. ವಾಷರ್ ಹಾಕಲು ಯಾರ ಅಪ್ಪಣೆಯೂ ಬೇಡ. ಈ ವಾರ್ಷಿಕೋತ್ಸವ ಮುಗಿದ ಮೇಲೆ ಒಂದು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗೋಣ. ಎಷ್ಟು ಜನ, ಎಷ್ಟು ಬಿಂದಿಗೆ, ಎಷ್ಟು ದಿನಕ್ಕೊಮ್ಮೆ, ಎಲ್ಲಾ ಬರೆದುಕೊಳ್ಳೋಣ. ಇಷ್ಟು ಕಾಲ ಬೇರೆಯವರು ಅಳೆದರು. ಈ ಸಲ ಮೊದಲ ಲೆಕ್ಕ ನಮ್ಮದೇ ಇರಲಿ. ನೀವೂ ಬನ್ನಿ.