ಬಂಗಾರ ಕೊಟ್ಟು ಕಾಗದ ಪಡೆದವರು

ನಮ್ಮ ಅಜ್ಜಿಯರ ಕಾಲದ ಹೆಂಗಸರಿಗೆ ಪಿಂಚಣಿ ಎಂಬುದಿರಲಿಲ್ಲ. ಒಂದು ಅವಲಕ್ಕಿ ಸರ, ನಾಲ್ಕು ಬಳೆ, ಅನುಕೂಲಸ್ಥರಾದರೆ ಒಂದು ಕಾಸಿನ ಸರ, ಇವೇ ಅವರ ಮುಪ್ಪಿನ ಗಂಟು. ಗಂಡ ಕಣ್ಣು ಮುಚ್ಚಿದರೂ, ಮಕ್ಕಳು ಮೋರೆ ತಿರುಗಿಸಿದರೂ ಪೆಟ್ಟಿಗೆಯಲ್ಲಿರುವ ಬಂಗಾರ ಕೈಬಿಡದು ಎಂಬ ಧೈರ್ಯ ಅವರಿಗಿತ್ತು. ಆದ್ದರಿಂದ ‘ಬಂಗಾರ ಕೊಡಿ, ಕಾಗದ ಕೊಡುತ್ತೇವೆ’ ಎಂದು ಸರ್ಕಾರ ಕೇಳಿದಾಗಲೆಲ್ಲ ಅದು ಹೆಂಗಸರ ಮುಪ್ಪಿನ ಪ್ರಶ್ನೆಯೇ ಆಗುತ್ತಿತ್ತು.

ಹಾಗೆ ಮೊದಲು ಕೇಳಿದ್ದು 1962ರ ನವೆಂಬರಿನಲ್ಲಿ, ಚೀನಾ ಯುದ್ಧದ ಸಮಯದಲ್ಲಿ. ಬಂಗಾರ ಕೊಟ್ಟವರಿಗೆ 15 ವರ್ಷದ ಬಾಂಡು, ನೂರಕ್ಕೆ ಆರೂವರೆ ಬಡ್ಡಿ. ಆದರೆ 10 ಗ್ರಾಮಿಗೆ ಕಟ್ಟಿದ ಬೆಲೆ ಹೊರದೇಶದ ಧಾರಣೆಯಂತೆ 53 ರೂಪಾಯಿ 58 ಪೈಸೆ. ನಮ್ಮ ಪೇಟೆಯಲ್ಲಿ ಆಗ ಅದರ ಇಮ್ಮಡಿಗೂ ಹೆಚ್ಚಿತ್ತು. 1977ರಲ್ಲಿ ಅಷ್ಟೇ ರೂಪಾಯಿ ವಾಪಸು ಬಂತು. ಅಷ್ಟೂ ವರ್ಷದ ಬಡ್ಡಿ ಕೂಡಿಸಿದರೂ 106 ರೂಪಾಯಿ ಆಗುತ್ತದೆ. ಆ ಹೊತ್ತಿಗೆ 10 ಗ್ರಾಮಿನ ಬೆಲೆ ಸುಮಾರು 480 ರೂಪಾಯಿ! ಹತ್ತು ಗ್ರಾಮು ಕೊಟ್ಟವಳು ಆ ಹಣದಲ್ಲಿ ಎರಡು ಗ್ರಾಮಿಗಿಂತ ತುಸು ಹೆಚ್ಚು ಕೊಳ್ಳಬಹುದಿತ್ತು, ಅಷ್ಟೆ.

1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರು ಚಿನ್ನದ ಹತೋಟಿ ತಂದರು. 14 ಕ್ಯಾರೆಟ್ಟಿಗಿಂತ ಹೆಚ್ಚಿನ ಒಡವೆ ಮಾಡುವಂತಿಲ್ಲ ಎಂದಾಗ ಎಷ್ಟೋ ಅಕ್ಕಸಾಲಿಗರ ಮನೆಯ ಒಲೆ ಆರಿತು. ಚಿನ್ನದ ಹತೋಟಿ ಕಾಯಿದೆ ಪೂರ್ತಿ ರದ್ದಾದದ್ದು 1990ರಲ್ಲಿ.

ಪಾಕಿಸ್ತಾನದೊಡನೆ ಯುದ್ಧವಾದ 1965ರಲ್ಲಿ ಮತ್ತೆ ಬಾಂಡು ಬಂತು. ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡು ಎಂದು ಅದರ ಹೆಸರು. ಈ ಸಲ ಷರತ್ತು ಬೇರೆ. ಬಡ್ಡಿ 10 ಗ್ರಾಮಿಗೆ ವರ್ಷಕ್ಕೆ ಎರಡೇ ರೂಪಾಯಿ, ಆದರೆ 15 ವರ್ಷದ ಮೇಲೆ ಚಿನ್ನಕ್ಕೆ ಚಿನ್ನ. 1980ರಲ್ಲಿ ಅದು ಹಾಗೆಯೇ ವಾಪಸು ಬಂತು. ಕೊಟ್ಟ ಸರ ಸರವಾಗಿ ಬರಲಿಲ್ಲ, ಗಟ್ಟಿ ಚಿನ್ನವಾಗಿ ಬಂತು. ಆಗ 10 ಗ್ರಾಮಿಗೆ ಸುಮಾರು 1,300 ರೂಪಾಯಿ. ಒಬ್ಬಳಿಗೆ ರೂಪಾಯಿಯ ಮಾತು ಕೊಟ್ಟರು, ಇನ್ನೊಬ್ಬಳಿಗೆ ತೂಕದ ಮಾತು ಕೊಟ್ಟರು. ಎರಡನ್ನೂ ಸರ್ಕಾರ ತಪ್ಪದೆ ನಡೆಸಿತು. ಗೆದ್ದವಳು ಮಾತ್ರ ತೂಕದ ಮಾತು ಪಡೆದವಳು.

ನಮ್ಮ ಬೀದಿಯ ಟೀಚರೊಬ್ಬರು ನಿವೃತ್ತಿಯ ಹಣವನ್ನೆಲ್ಲ ಚಿನ್ನದ ಖಾತೆಗೆ ಹಾಕಿಬಿಡಲೇ ಎಂದು ಕೇಳಿದಾಗ ನಾನು ಹೇಳಿದ್ದು ಈ ಕತೆಯನ್ನೇ. 2015ರಲ್ಲಿ ಬಂದ ಸರ್ಕಾರದ ಚಿನ್ನದ ಬಾಂಡು ತೂಕದ ಮಾತಿನದೇ. ಗ್ರಾಮಿಗೆ 2,684 ರೂಪಾಯಿ ಕೊಟ್ಟವರಿಗೆ 2023ರಲ್ಲಿ ಆಗಿನ ಧಾರಣೆಯಂತೆ 6,132 ಬಂತು, ಜೊತೆಗೆ ಬಡ್ಡಿ. ಬೆಲೆ ಏರಿದಷ್ಟೂ ಸರ್ಕಾರಕ್ಕೆ ಹೊರೆಯೂ ಏರಿತು. 2024ರ ಫೆಬ್ರವರಿಯ ಕಂತೇ ಕೊನೆಯದಾಯಿತು. ಇನ್ನು, ನಮ್ಮ ಹೆಸರಿನಲ್ಲಿ ಚಿನ್ನ ಕೊಂಡಿಡುವ ಷೇರುಪೇಟೆಯ ನಿಧಿಗಳು 2007ರಿಂದ ಇವೆ. ಅವಕ್ಕೆ ಬಡ್ಡಿಯಿಲ್ಲ, ವರ್ಷವರ್ಷ ಖರ್ಚು ಮುರಿದುಕೊಳ್ಳುತ್ತಾರೆ.

“ಹಾಗಾದರೆ ಹಾಕಲೋ ಬೇಡವೋ, ಅದನ್ನು ಹೇಳಮ್ಮ” ಎಂದರು ಟೀಚರು. ಬಂಗಾರದ ಬೆಲೆ ಏರುತ್ತಲೇ ಇರುತ್ತದೆ ಎಂಬುದು ಪೂರ್ತಿ ನಿಜವಲ್ಲ. 2012ರಲ್ಲಿ 10 ಗ್ರಾಮಿಗೆ 31,000ದ ಆಸುಪಾಸಿನಲ್ಲಿದ್ದದ್ದು 2018ರಲ್ಲೂ ಹೆಚ್ಚುಕಡಿಮೆ ಅಲ್ಲೇ ಇತ್ತು. ಆ ಆರು ವರ್ಷವೂ ಹಾಲಿನವನು, ಔಷಧಿ ಅಂಗಡಿಯವನು ತಿಂಗಳು ತಿಂಗಳು ದುಡ್ಡು ಕೇಳದೆ ಇದ್ದರೇ? ತಿಂಗಳ ಖರ್ಚಿನ ಗಂಟನ್ನು ಬಡ್ಡಿ ಬರುವ ಕಡೆ ಇಟ್ಟು, ಉಳಿದದ್ದರಲ್ಲಿ ಒಂದು ಪಾಲು ಮಾತ್ರ ಚಿನ್ನಕ್ಕೆ ಹಾಕಿ ಎಂದೆ. ಹಾಕುವ ಮುಂಚೆ ಎರಡು ಮಾತು ಕೇಳಿಕೊಳ್ಳಿ: ವಾಪಸು ಕೊಡುವಾಗ ಲೆಕ್ಕ ತೂಕದ್ದೋ, ಇವತ್ತಿನ ರೂಪಾಯಿಯದ್ದೋ? ನಡುವೆ ಆಪತ್ತು ಬಂದರೆ ಬಿಡಿಸಿಕೊಳ್ಳಬಹುದೋ?

ಅಜ್ಜಿಯರು ಪೆಟ್ಟಿಗೆಯಲ್ಲಿ ಸರ ಇಟ್ಟುಕೊಂಡು ಕೊಟ್ಟಿಗೆಯಲ್ಲಿ ಹಸುವನ್ನೂ ಕಟ್ಟಿದ್ದರು. ದಿನದ ಗಂಜಿಗೆ ಹಸು, ಕಷ್ಟಕಾಲಕ್ಕೆ ಸರ.